ಮೀನುಗಾರರ ಸ್ವೆಟರ್ ಡಿಸೈನಲ್ಲಿ ಕಂಬಳಿ ಹೆಣೀಬೇಕು, ಲೆಕ್ಕ ಹೇಗೆ?

ಮಳೆಮನೆ (ಮಡಿಕೇರಿ)
ಎಲ್ರಿಗೂ ನಮಸ್ಕಾರ. ಇಂಗ್ಲೆಂಡ್, ಸ್ಕಾಟ್ಲೆಂಡ್ ಕಡೆ ಮೀನುಗಾರರು ಹಾಕ್ತಿದ್ದ ಗ್ಯಾನ್ಸಿ ಸ್ವೆಟರ್ ಇದ್ಯಲ್ಲ, ನೇವಿ ಬ್ಲೂ ಬಣ್ಣದ್ದು, ಎದೆ ಭಾಗದಲ್ಲಿ ಏಣಿ, ಹಗ್ಗ, ಬಲೆ ತರ ಡೈಮಂಡ್ ಎಲ್ಲ ಇರುತ್ತೆ, ಆ ಡಿಸೈನಲ್ಲಿ ಅಕ್ಕನ ಮಗುಗೆ ಒಂದು ಕಂಬಳಿ ಹೆಣೆದು ಹುತ್ತರಿಗೆ ಕೊಡೋಣ ಅಂತಿದೀನಿ. 40 ಇಂಚು ಅಗಲ, 50 ಇಂಚು ಉದ್ದ ಸಾಕು. ಸ್ವೆಟರಿನ ಚಾರ್ಟ್ ಇದೆ, ಆದ್ರೆ ಅದನ್ನ ಕಂಬಳಿಗೆ ಹೊಂದಿಸೋದು ಹೇಗೆ ಅಂತ ತಲೆ ಓಡ್ತಿಲ್ಲ. ಕೇಬಲ್ (ಹಗ್ಗದ ತರ ತಿರುವಿರೋ ಪಟ್ಟಿ) ಎಷ್ಟು ಹಾಕ್ಬೋದು? ಇನ್ನೊಂದು ವಿಷ್ಯ, ಸಮುದ್ರದಲ್ಲಿ ಸತ್ತವರನ್ನ ಸ್ವೆಟರ್ ಡಿಸೈನ್ ನೋಡಿ ಗುರುತು ಹಿಡೀತಿದ್ರು ಅಂತ ಎಲ್ಲೋ ಓದಿ ಅತ್ತೆಗೆ ಹೇಳ್ಬಿಟ್ಟೆ, ಈಗ ಅವ್ರು ಮಗುಗೆ ಅಂಥದ್ದು ಯಾಕೆ ಹೊದಿಸ್ತೀಯ ಅಂತ ಕೂತಿದಾರೆ 😅

ಎರಡು_ಕಡ್ಡಿ
ಮೊದ್ಲು ದಾರ. ಅಸಲಿ ಗ್ಯಾನ್ಸಿಗೆ ಬಿಗಿಯಾಗಿ ಹುರಿ ಮಾಡಿದ 5 ಪ್ಲೈ ಉಲ್ಲನ್, ಸಪೂರ ಸ್ಟೀಲ್ ಕಡ್ಡಿ, ಗಾಳಿ ಸಹ ತೂರಬಾರ್ದು ಅನ್ನೋ ಹಾಗೆ ಹೆಣೀತಿದ್ರು, ಕಂಬಳಿಗೆ ಅದು ಬೇಡ, ಮುಗಿಯೋದೂ ಇಲ್ಲ, ಮೆತ್ತಗೂ ಇರಲ್ಲ. ಅದಕ್ಕಿಂತ ದಪ್ಪದ 8 ಪ್ಲೈ ತಗೊಂಡು 4 ಎಂಎಂ ಸರ್ಕ್ಯುಲರ್ ಕಡ್ಡಿಲಿ (ಎರಡು ಕಡ್ಡಿ ಮಧ್ಯೆ ಬಳುಕೋ ತಂತಿ ಇರುತ್ತಲ್ಲ, ಅದು) ಹೆಣೀರಿ, ಭಾರ ಎಲ್ಲ ಮಡಿಲ ಮೇಲೆ ಕೂರುತ್ತೆ. ಇಂಚಿಗೆ ಐದೂವರೆ ಸ್ಟಿಚ್ ಬರುತ್ತೆ ಅಂದ್ಕೊಳ್ಳಿ (ಸ್ಯಾಂಪಲ್ ಹೆಣೆದು, ಒಗೆದು, ಒಣಗಿಸಿ ಆಮೇಲೆ ಅಳೀರಿ).

ನಾನಾದ್ರೆ 31 ಸ್ಟಿಚ್ಚಿನ ಐದು ಪಟ್ಟಿ ಇಟ್ಟು ಮಧ್ಯೆ ಮಧ್ಯೆ 12 ಸ್ಟಿಚ್ಚಿನ ನಾಲ್ಕು ಹಗ್ಗ ಹಾಕ್ತೀನಿ, ಅಂದ್ರೆ 3 ಉಲ್ಟಾ (ಪರ್ಲ್), 6 ಕೇಬಲ್, 3 ಉಲ್ಟಾ. ಎರಡೂ ಅಂಚಿಗೆ ಆರಾರು ಸ್ಟಿಚ್ ಮಾಸ್ (ಒಂದು ಸೀದಾ ಅಂದ್ರೆ ನಿಟ್, ಒಂದು ಉಲ್ಟಾ, ಮುಂದಿನ ಸಾಲಲ್ಲಿ ಅದಲು ಬದಲು), ಇಲ್ಲಾಂದ್ರೆ ಅಂಚು ಸುರುಳಿ ಸುತ್ತುತ್ತೆ. ಒಟ್ಟು 215. ಆದ್ರೆ ಶುರು ಮಾಡೋವಾಗ 207 ಮಾತ್ರ ಹಾಕಿ, ಕೆಳಗಿನ ಬಾರ್ಡರ್ ಮುಗಿದ ಮೇಲೆ ಪ್ರತಿ ಹಗ್ಗದ ಜಾಗದಲ್ಲಿ ಎರಡೆರಡು ಹೆಚ್ಚಿಸಿ, ಯಾಕಂದ್ರೆ ಕೇಬಲ್ ಬಟ್ಟೆನ ಒಳಕ್ಕೆ ಎಳ್ಕೊಳ್ಳುತ್ತೆ, ಹಾಗೆ ಬಿಟ್ರೆ ಬಾರ್ಡರ್ ಫ್ರಿಲ್ ತರ ಆಡುತ್ತೆ. ಮೇಲಿನ ಬಾರ್ಡರಿಗೆ ಮೊದ್ಲು ಆ ಎಂಟನ್ನ ವಾಪಸ್ ಇಳಿಸಿ.

ಸಾಲಿನ ಲೆಕ್ಕ ಇನ್ನೂ ಮುಖ್ಯ. ಡೈಮಂಡ್ 24 ಸಾಲು, ಅಂಕುಡೊಂಕು ಗೆರೆ 12, ಹಗ್ಗ 6 ಸಾಲಿಗೊಂದು ತಿರುವು, ಹೀಗೆ ಇಟ್ರೆ 24ನೇ ಸಾಲಿಗೆ ಎಲ್ಲವೂ ಒಟ್ಟಿಗೆ ಮುಗಿಯುತ್ತೆ, ಪ್ರತಿ ಪಟ್ಟಿಗೆ ಬೇರೆ ಬೇರೆ ಕೌಂಟರ್ ಇಟ್ಕೊಂಡು ಒದ್ದಾಡೋದು ತಪ್ಪುತ್ತೆ. 31ರಲ್ಲಿ 13 ಅಗಲದ ಎರಡು ಡೈಮಂಡ್ ಅಕ್ಕಪಕ್ಕ ತುದಿ ಹಂಚ್ಕೊಂಡು ಕೂರುತ್ವೆ, ಆ ಕಡೆ ಈ ಕಡೆ ಮೂರು ಸ್ಟಿಚ್ ಉಳಿಯುತ್ತೆ. ಎರಡು ಸಾಲಿಗೆ ಒಂದು ಸ್ಟಿಚ್ ಸರಿಸಿ, ಪ್ರತಿ ಸಾಲಿಗೂ ಸರಿಸಿದ್ರೆ ಡೈಮಂಡ್ ಅಪ್ಪಚ್ಚಿ ಆಗುತ್ತೆ.

ಮತ್ತೆ, ಸ್ವೆಟರಿನ ಮೈ ಕಂಕುಳ ತನಕ ಸುತ್ತಾಗಿ ಹೆಣೆಯೋದು, ಹಾಗಾಗಿ ಚಾರ್ಟಿನ ಎಲ್ಲಾ ಸಾಲೂ ಮುಂಭಾಗದ್ದೇ ಇರ್ಬೋದು. ಕಂಬಳಿ ಹಿಂದೆ ಮುಂದೆ ಹೆಣೆಯೋದ್ರಿಂದ ಹಿಂಭಾಗದ ಸಾಲನ್ನ ಎಡದಿಂದ ಬಲಕ್ಕೆ ಓದಿ ಸೀದಾ ಇದ್ದಲ್ಲಿ ಉಲ್ಟಾ ಮಾಡ್ಬೇಕು.

ಓದೋ_ಹುಚ್ಚು
ಅತ್ತೆಗೆ ಧೈರ್ಯ ಹೇಳಿ. ಗುರುತು ಹಿಡಿಯೋ ಕಥೆ ಹೆಚ್ಚಾಗಿ ಅಂಟ್ಕೊಂಡಿರೋದು ಐರ್ಲೆಂಡಿನ ಆರನ್ ದ್ವೀಪದ ಬಿಳಿ ಸ್ವೆಟರಿಗೆ, ಗ್ಯಾನ್ಸಿಗೂ ಹೇಳ್ತಾರೆ. ಅದಕ್ಕೆ ದೊಡ್ಡ ಮೂಲ ಅಂದ್ರೆ ಐರ್ಲೆಂಡಿನ ನಾಟಕಕಾರ ಸಿಂಜ್ ಬರೆದ 1904ರ ನಾಟಕ ರೈಡರ್ಸ್ ಟು ದ ಸೀ, ಅದ್ರಲ್ಲೂ ಸ್ವೆಟರ್ ಇಲ್ಲ, ತಂಗಿ ತಾನೇ ಹೆಣೆದ ಕಾಲುಚೀಲದಲ್ಲಿ ಬಿಟ್ಟುಹೋಗಿದ್ದ ನಾಲ್ಕು ಸ್ಟಿಚ್ ನೋಡಿ ಅಣ್ಣಂದೇ ಅಂತ ತಿಳ್ಕೋತಾಳೆ ಅಷ್ಟೆ. ಊರಿಗೊಂದು ಡಿಸೈನ್ ಅನ್ನೋದನ್ನೂ ಪೂರ್ತಿ ನಂಬ್ಬೇಡಿ. ಹೆರಿಂಗ್ ಮೀನು ಸೀಳೋ ಕೆಲಸಕ್ಕೆ ಹೆಂಗಸರು ದೋಣಿಗಳ ಹಿಂದೆ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡಿಂದ ಇಂಗ್ಲೆಂಡಿನ ಯಾರ್ಮತ್ ತನಕ ಊರೂರು ಸುತ್ತೋರು, ಬಿಡುವಲ್ಲೆಲ್ಲ ಹೆಣಿಗೆ, ಒಬ್ಬರದ್ದು ನೋಡಿ ಇನ್ನೊಬ್ಬರು ಕಲ್ತ್ಕೊಂಡೇ ಇರ್ತಾರಲ್ವ.

ಕೆಳಬಾರ್ಡರಿನ ಮೇಲೆ ಹಾಕ್ಕೊಳ್ಳೋರ ಹೆಸರಿನ ಮೊದಲಕ್ಷರ ಹೆಣೆಯೋ ಪದ್ಧತಿ ಮಾತ್ರ ನಿಜ, ಮಗು ಹೆಸರಿಂದು ಒಂದು ಮೂಲೆಲಿ ಹಾಕಿ.

ಕಾಫಿಕಣ (ಸೋಮವಾರಪೇಟೆ)
ಲೆಕ್ಕ ಎಲ್ಲ ಸರಿ ಆದ್ರೆ ಕಕ್ಕಡದ ಮಳೆಲಿ ಅದನ್ನ ಒಗೆದು ಒಣಗಿಸೋದು ಯಾರು 😀 ನಮ್ಮನೇಲಿ ಒಲೆ ಮೇಲಿನ ಹಗ್ಗಕ್ಕೆ ಹಾಕಿದ ಉಲ್ಲನ್ ಶಾಲು ಹೊಗೆ ವಾಸನೆ ಹೊಡ್ದು ನಾಯಿನೂ ಹತ್ರ ಬರ್ಲಿಲ್ಲ. ಹಗ್ಗದ ಪಟ್ಟಿ ನಾಲ್ಕು ಯಾಕೆ, ಎರಡು ಸಾಕು, ಕೇಬಲ್ ಇರೋ ಕಡೆ ಬಟ್ಟೆ ಡಬಲ್ ದಪ್ಪ, ನೀರು ಹಿಡ್ಕೊಂಡು ಕೂರೋದೇ ಅಲ್ಲಿ. ಮಿಕ್ಕಿದ್ದೆಲ್ಲ ಬರೀ ಸೀದಾ ಉಲ್ಟಾ ಇರ್ಲಿ. ನೇವಿ ಬ್ಲೂನೂ ಬೇಡ ಅಂತೀನಿ, ಮಳೆಗಾಲದ ಬೆಳಕಲ್ಲಿ ಡಿಸೈನೇ ಕಾಣಲ್ಲ, ಹೆಣೆಯೋವಾಗ ಕಣ್ಣೂ ಹೋಗುತ್ತೆ. ಮುಗಿದ ಮೇಲೆ ನೇತು ಹಾಕ್ಬೇಡಿ, ಉದ್ದಕ್ಕೆ ಜೋತು ಬೀಳುತ್ತೆ. ಹುತ್ತರಿ ಹೊತ್ತಿಗೆ ಬಿಸಿಲು ಬಂದಿರುತ್ತೆ, ಕಾಫಿ ಹರಡೋಕೆ ಮುಂಚೆ ಕಣ ಗುಡಿಸಿ ಬೆಡ್‌ಶೀಟ್ ಹಾಸಿ ಮೇಲೆ ಚಪ್ಪಟೆ ಹರಡಿ, ಮೂಲೆ ಎಳೆದು ಅಳತೆಗೆ ಕೂರಿಸಿ.

ಮಳೆಮನೆ (ಮಡಿಕೇರಿ)
ಅತ್ತೆಗೆ ಕಾಲುಚೀಲದ ಕಥೆ ಓದಿ ಹೇಳಿದೆ, ಹಾಗಾದ್ರೆ ಕಾಲುಚೀಲ ಹೆಣೀಬೇಡ ಅಂದ್ರು. ಕಂಬಳಿ ಪಾಸ್. ಹಗ್ಗ ಎರಡೇ ಹಾಕ್ತೀನಿ, ಆಕಡೆ ಈಕಡೆ ಒಂದೊಂದು, ಒಳಗಿನ ಎರಡು ಜಾಗದಲ್ಲಿ ಏಣಿ. ಬಣ್ಣ ಹಾಲುಬಿಳಿ ಅಂದ್ಕೊಂಡೆ ಆದ್ರೆ ಮಗು ಕೈಲಿ ಅದು ಎಷ್ಟು ದಿನ ಹಾಲುಬಿಳಿ ಇರುತ್ತೆ.

ಎರಡು_ಕಡ್ಡಿ
ಹಗ್ಗ ಎರಡೇ ಆದ್ರೆ ಶುರುಗೆ 211 ಹಾಕಿ, 207 ಅಲ್ಲ. ಬಣ್ಣಕ್ಕೆ ತಿಳಿ ಬೂದಿ ನೋಡಿ. ಯಾವ್ದೇ ತಗೊಂಡ್ರೂ ಒಂದೇ ಡೈ ಲಾಟ್ ನಂಬರಿಂದು (ಒಟ್ಟಿಗೆ ಬಣ್ಣ ಹಾಕಿದ್ದು) ಒಂದೇ ಸಲಕ್ಕೆ ತಗೊಳ್ಳಿ, ಆಮೇಲೆ ಹೋದ್ರೆ ಅದೇ ಶೇಡ್ ಸಿಗೋದು ಡೌಟು.