ಎಚ್‌ಪಿಎಲ್‌ಸಿ, ಜಿಸಿ ಎಲ್ಲ ಕಲಿಯೋದು ಹೇಗೆ? ಅನುಭವ ಇದ್ದವರು ಹೇಳಿ

ಕಲಬುರಗಿಯಿಂದ ಒಂದು ಪ್ರಶ್ನೆ:
ಎಂಎಸ್ಸಿ ಕೆಮಿಸ್ಟ್ರಿ ಈ ವರ್ಷ ಮುಗಿಯಿತು. ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ (ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಇತ್ತು, ಆದರೆ ದೂರ ನಿಂತು ನೋಡಿದ್ದಷ್ಟೇ. ಬೀದರ್ ಅಥವಾ ಬೆಂಗಳೂರಿನ ಔಷಧ ಕಂಪನಿಯಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸಕ್ಕೆ ಸೇರಬೇಕು ಅಂತಿದ್ದೇನೆ. ಎಚ್‌ಪಿಎಲ್‌ಸಿ, ಜಿಸಿ (ಆವಿಯಾಗುವ ವಸ್ತುಗಳಿಗೆ), ಎಲ್‌ಸಿ-ಎಂಎಸ್ (ಅತಿ ಸಣ್ಣ ಪ್ರಮಾಣ ಪತ್ತೆಗೆ), ಐಸಿಪಿ-ಎಂಎಸ್ (ಲೋಹಗಳಿಗೆ) ಎಲ್ಲ ಒಂದೇ ತಿಂಗಳಲ್ಲಿ ಕಲಿಸುತ್ತೇವೆ ಅಂತ ಒಂದು ಇನ್‌ಸ್ಟಿಟ್ಯೂಟ್‌ನವರು ಹೇಳುತ್ತಿದ್ದಾರೆ. ಫೀಸು ಜಾಸ್ತಿ. ಸೇರಲಾ, ಬೇಡವಾ?

ಕ್ಯೂಸಿ ಲ್ಯಾಬ್‌ನಲ್ಲಿ ಇರುವವರು:
ತಂಗಿ, ದುಡ್ಡು ಕಟ್ಟುವ ಮೊದಲು ಅವರನ್ನು ಒಂದೇ ಮಾತು ಕೇಳಿ. ಮೊಬೈಲ್ ಫೇಸ್ (ಸ್ಯಾಂಪಲ್ ಹೊತ್ತೊಯ್ಯುವ ದ್ರವ) ಮಾಡುವುದರಿಂದ ಹಿಡಿದು ಕಾಲಮ್ (ವಸ್ತುಗಳು ಬೇರ್ಪಡುವ ಕೊಳವೆ) ತೊಳೆದಿಡುವವರೆಗೆ ನನ್ನ ಕೈಯಲ್ಲೇ ಮಾಡಿಸುತ್ತೀರಾ? ಬರೀ ಡೆಮೊ ಅಂದರೆ ಬೇಡವೇ ಬೇಡ. ನಾಲ್ಕು ಉಪಕರಣ ಒಂದು ತಿಂಗಳಲ್ಲಿ ಅಂದರೆ ಡೆಮೊನೇ ಅಲ್ವಾ?

ನನ್ನ ಪ್ರಕಾರ ಎಚ್‌ಪಿಎಲ್‌ಸಿ ಒಂದನ್ನೇ ಹಿಡಿದು ಕೂರಿ. ಫ್ರೆಶರ್‌ಗಳ ಇಂಟರ್‌ವ್ಯೂನಲ್ಲಿ ನಾನು ತತ್ವ ಜಾಸ್ತಿ ಕೇಳುವುದಿಲ್ಲ. ಹೀಗೆ ಕೇಳುತ್ತೇನೆ: ಒಂದೇ ವಯಲ್‌ನಿಂದ ಆರು ಇಂಜೆಕ್ಷನ್ ಕೊಟ್ಟಿರಿ, ಗ್ರಾಫ್‌ನಲ್ಲಿ ಬರುವ ಪೀಕ್‌ನ ಏರಿಯಾ (ವಸ್ತುವಿನ ಪ್ರಮಾಣ ಹೇಳುವುದು ಇದೇ) ಸಲಕ್ಕೊಂದು ಬಂತು. ಎಲ್ಲಿ ನೋಡುತ್ತೀರಿ? "ಕಾಲಮ್ ಬದಲಿಸುತ್ತೇನೆ ಸರ್" ಅನ್ನುವವರೇ ಹೆಚ್ಚು. ಮೊದಲು ನೋಡಬೇಕಾದ್ದು ಪೀಕ್ ಬರುವ ಸಮಯ. ಸಮಯ ಸ್ಥಿರವಾಗಿದ್ದು ಏರಿಯಾ ಮಾತ್ರ ಓಲಾಡಿದರೆ ಇಂಜೆಕ್ಟರ್ ಕಡೆ, ನೀಡಲ್ ಕಡೆ ನೋಡಿ. ಸಮಯವೂ ಓಲಾಡಿದರೆ ಪಂಪ್ ಕಡೆ ಹೋಗಿ, ಗಾಳಿ ಸೇರಿರಬಹುದು. ಇಷ್ಟು ಹೇಳಿದ ಹುಡುಗ ಸರ್ಟಿಫಿಕೇಟ್ ತೋರಿಸದಿದ್ದರೂ ನಡೆಯುತ್ತದೆ.

ಇನ್ನೊಂದು, ಇಂಟಿಗ್ರೇಷನ್, ಅಂದರೆ ಪೀಕ್‌ನ ಏರಿಯಾ ಲೆಕ್ಕ ಹಾಕುವುದು. ಪೀಕ್ ಕೆಳಗಿನ ಗೆರೆಯನ್ನು ಮೌಸ್‌ನಲ್ಲಿ ಎಳೆದು ರಿಸಲ್ಟ್ ಸರಿ ಮಾಡಬಹುದು ಅಂತ ಕೆಲವು ಕಡೆ ಕಲಿಸುತ್ತಾರಂತೆ. ಸಾಫ್ಟ್‌ವೇರ್‌ನ ಆಡಿಟ್ ಟ್ರೇಲ್‌ನಲ್ಲಿ ಎಲ್ಲವೂ ದಾಖಲಾಗುತ್ತದೆ. ಆಡಿಟರ್ ಬಂದು ಕುಳಿತರೆ ಮೊದಲು ತೆಗೆಸಿ ನೋಡುವುದು ಅದನ್ನೇ.

ಸರ್ವಿಸ್ ಎಂಜಿನಿಯರ್ ಒಬ್ಬರು:
ಮೇಲಿನವರ ಮಾತು ಸರಿ. ನಾನು ಕೈಕೆಲಸದ ಬಗ್ಗೆ ಹೇಳುತ್ತೇನೆ. ನನಗೆ ಬರುವ ಕಾಲ್‌ಗಳಲ್ಲಿ ಪ್ರೆಶರ್ ದೂರೇ ಜಾಸ್ತಿ. ಹೋಗಿ ನೋಡಿದರೆ ಫಾಸ್ಫೇಟ್ ಬಫರ್ (ಉಪ್ಪು ಕರಗಿಸಿದ ನೀರು) ಓಡಿಸಿ, ಆಮೇಲೆ ನೇರ 100% ಅಸಿಟೋನೈಟ್ರೈಲ್ ಸಾಲ್ವೆಂಟ್ ಬಿಟ್ಟಿರುತ್ತಾರೆ. ಉಪ್ಪು ಅಲ್ಲಲ್ಲೇ ಹರಳುಗಟ್ಟುತ್ತದೆ. ಮೊದಲು 90 ಪಾಲು ನೀರು, 10 ಪಾಲು ಮೆಥನಾಲ್‌ನಲ್ಲಿ ತೊಳೆದು, ಆಮೇಲೆ ಸಾಲ್ವೆಂಟ್ ಏರಿಸಿ.

ಪ್ರೆಶರ್ ಏರಿದರೆ ಡಿಟೆಕ್ಟರ್ ಕಡೆಯಿಂದ ಹಿಂದಕ್ಕೆ ಒಂದೊಂದೇ ಜೋಡಣೆ ಸಡಿಲಿಸುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಪ್ರೆಶರ್ ಧೊಪ್ಪನೆ ಇಳಿಯಿತೋ, ಕಟ್ಟಿಕೊಂಡಿರುವುದು ಅದರಿಂದ ಡಿಟೆಕ್ಟರ್ ಕಡೆಗಿರುವ ಭಾಗ. ಪಂಪ್ ಹೆಡ್ ಸುತ್ತ ರಂಗೋಲಿ ಪುಡಿಯಂತೆ ಬಿಳಿ ಕಂಡರೆ ಸೀಲ್ ಸೋರುತ್ತಿದೆ ಅಂತಲೇ ತಿಳಿಯಿರಿ. ಅದನ್ನು ಒರೆಸಿ ಸುಮ್ಮನಾಗುವವರೂ ಇದ್ದಾರೆ!

ನೀರು ಮತ್ತು ಆಹಾರ ಪರೀಕ್ಷೆಯ ಲ್ಯಾಬ್‌ನಿಂದ:
ಎಲ್ಲರೂ ಎಚ್‌ಪಿಎಲ್‌ಸಿ ಅಂತಲೇ ಹೇಳುತ್ತೀರಿ. ನಮ್ಮ ಕಡೆ ಲೋಹಕ್ಕೆ ಎಎಎಸ್ ಅಥವಾ ಐಸಿಪಿ-ಎಂಎಸ್, ಕೀಟನಾಶಕದ ಉಳಿಕೆಗೆ ಎಲ್‌ಸಿ-ಎಂಎಸ್. ನೀರಿನ ಫ್ಲೋರೈಡ್‌ಗೆ ಇವ್ಯಾವುದೂ ಬೇಡ, ಒಂದು ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ (ನೀರಿನಲ್ಲಿ ಅದ್ದಿ ಫ್ಲೋರೈಡ್ ಅಳೆಯುವ ಕಡ್ಡಿ) ಸಾಕು. ಉಪಕರಣಕ್ಕಿಂತ ಸ್ಯಾಂಪಲ್ ತಯಾರಿ ಕಲಿಯಿರಿ ಅನ್ನುವುದು ನನ್ನ ಮಾತು. ಸೊಪ್ಪನ್ನು ಅರೆದು, ಅಸಿಟೋನೈಟ್ರೈಲ್‌ಗೆ ಇಳಿಸಿ, ಮೆಗ್ನೀಸಿಯಂ ಸಲ್ಫೇಟ್ ಹಾಕಿ ಕುಲುಕಿ ನೀರು ಬೇರೆ ಮಾಡುವುದರಲ್ಲೇ ದಿನ ಹೋಗುತ್ತದೆ. ಅಲ್ಲಿ ಕೆಟ್ಟದ್ದನ್ನು ಯಾವ ಡಿಟೆಕ್ಟರ್ ಕೂಡ ಸರಿ ಮಾಡುವುದಿಲ್ಲ.

ಪಿಎಚ್‌ಡಿ ಮಾಡುತ್ತಿರುವವರು:
ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಫ್ ಕೇಂದ್ರ (ಹೊರಗಿನವರೂ ಬಳಸಬಹುದಾದ ದೊಡ್ಡ ಉಪಕರಣಗಳ ಕೇಂದ್ರ) ಇದೆ, ತರಬೇತಿ ಯಾವಾಗ ಅಂತ ಕೇಳಿ ನೋಡಿ. ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ಸಂಶೋಧನಾ ಸಂಸ್ಥೆ) ಕಡೆಯಿಂದ ಅಲ್ಪಾವಧಿ ಕೋರ್ಸ್‌ಗಳಿವೆ. ಪಾಠಕ್ಕೆ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠಗಳು) ಇದೆ, ವಿಡಿಯೋ ಉಚಿತ. ಎಚ್‌ಪಿಎಲ್‌ಸಿ ಸಿಮ್ಯುಲೇಟರ್ ಅಂತ ಹುಡುಕಿದರೆ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಅಸಿಟೋನೈಟ್ರೈಲ್ 10% ಇಳಿಸಿ, ಪೀಕ್ ಎಷ್ಟು ತಡವಾಗಿ ಬರುತ್ತದೆ ನೋಡಿ. ಹತ್ತು ಪುಟ ಓದುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಕೇಳಿದವರು ಮತ್ತೆ:
ಎಲ್ಲರಿಗೂ ಧನ್ಯವಾದ. ಆ ಇನ್‌ಸ್ಟಿಟ್ಯೂಟ್‌ಗೆ ಫೋನ್ ಮಾಡಿದೆ. ಉಪಕರಣ ಮುಟ್ಟಲು ಬಿಡುವುದಿಲ್ಲವಂತೆ, ಹಾಗಾಗಿ ಬಿಟ್ಟೆ. ಎಲ್‌ಸಿ-ಎಂಎಸ್ ಈಗಲೇ ಬೇಕಾ? ಜಿಸಿ ಏನು ಮಾಡಲಿ?

ಕ್ಯೂಸಿ ಲ್ಯಾಬ್‌ನಲ್ಲಿ ಇರುವವರು:
2018ರಲ್ಲಿ ವಲ್ಸಾರ್ಟನ್ ಎಂಬ ಬಿಪಿ ಮಾತ್ರೆಯಲ್ಲಿ ಎನ್‌ಡಿಎಂಎ (ಕ್ಯಾನ್ಸರ್ ತರಬಹುದಾದ ಕಲ್ಮಶ) ಸಿಕ್ಕ ಮೇಲೆ ಎಲ್‌ಸಿ-ಎಂಎಸ್‌ಗೆ ಬೇಡಿಕೆ ಬಂದಿದ್ದು ನಿಜ. ಆದರೆ ಹೊಸಬರ ಕೈಗೆ ಅದನ್ನು ಕೊಡುವುದು ಅಪರೂಪ. ಒಂದು ಮಾತ್ರ ನೆನಪಿಡಿ, ಅದಕ್ಕೆ ಫಾಸ್ಫೇಟ್ ಬಫರ್ ಆಗದು, ಫಾರ್ಮಿಕ್ ಆಸಿಡ್ ಅಥವಾ ಅಮೋನಿಯಂ ಫಾರ್ಮೇಟ್ ಬೇಕು. ಜಿಸಿ ನಮ್ಮಲ್ಲಿ ಬಹುಪಾಲು ರೆಸಿಡ್ಯುಯಲ್ ಸಾಲ್ವೆಂಟ್‌ಗೆ (ಔಷಧದಲ್ಲಿ ಉಳಿದುಹೋದ ಸಾಲ್ವೆಂಟ್), ಹೆಡ್‌ಸ್ಪೇಸ್ (ಮುಚ್ಚಿದ ವಯಲ್‌ನೊಳಗಿನ ಆವಿ ತೆಗೆದು ಪರೀಕ್ಷಿಸುವುದು) ಜೊತೆ. ಸೇರಿದ ಮೇಲೆ ಕಲಿಯಬಹುದು. ಹೆಡ್‌ಸ್ಪೇಸ್ ವಯಲ್ ಕ್ರಿಂಪ್ ಮಾಡಿದ (ಕ್ಯಾಪ್ ಒತ್ತಿ ಬಿಗಿದ) ಮೇಲೆ ಕ್ಯಾಪ್ ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಸಾಲ್ವೆಂಟ್ ಹಾರಿಹೋಗುತ್ತದೆ, ಬಿಚ್ಚಿ ಇನ್ನೊಂದು ಕ್ಯಾಪ್ ಹಾಕಿ ಕ್ರಿಂಪ್ ಮಾಡುವ ಹೊತ್ತಿಗೆ ಒಂದಷ್ಟು ಹಾರಿಯೂ ಆಗಿರುತ್ತದೆ. ಆ ಸ್ಯಾಂಪಲ್ ಹೊಸದಾಗಿಯೇ ಹಾಕಿ.