ಡಾಕರ್ ವಿಎಫ್‌ಎಸ್ ಬಳಸುತ್ತಿದೆ, ಡಿಸ್ಕ್ ತುಂಬುತ್ತಿದೆ: ಯಾವ ಸ್ಟೋರೇಜ್ ಡ್ರೈವರ್ ಹಾಕಲಿ?

ಪ್ರಶ್ನೆ:
ಹಳೇ ಸರ್ವರ್, ಓಎಸ್ ಅಪ್‌ಗ್ರೇಡ್ ಮಾಡಿ ಡಾಕರ್ 27 (ಇಮೇಜ್ ಅನ್ನೋ ಪ್ಯಾಕೇಜ್‌ನಿಂದ ಆ್ಯಪ್‌ಗಳನ್ನು ಕಂಟೇನರ್ ಆಗಿ ಓಡಿಸುವ ಟೂಲ್) ಹಾಕಿದ್ದೀನಿ. ಇಮೇಜ್‌ಗಳೆಲ್ಲ ಸೇರಿದರೂ ನಾಲ್ಕೈದು ಜಿಬಿ ಮೀರಬಾರದು, ಆದರೆ /ವಾರ್/ಲಿಬ್/ಡಾಕರ್ ಅದರ ಹಲವು ಪಟ್ಟು ಜಾಗ ನುಂಗಿದೆ. ಬಿಲ್ಡ್ ಅಂತೂ ತೆವಳುತ್ತೆ. 'ಡಾಕರ್ ಇನ್ಫೋ' ಕೊಟ್ಟರೆ ಸ್ಟೋರೇಜ್ ಡ್ರೈವರ್ (ಇಮೇಜ್ ಫೈಲ್‌ಗಳನ್ನು ಡಿಸ್ಕ್ ಮೇಲೆ ಜೋಡಿಸಿಡುವ ಭಾಗ) ವಿಎಫ್‌ಎಸ್ ಅನ್ನುತ್ತೆ. ಡಿಸ್ಕ್‌ನ ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್. ಡಿವೈಸ್‌ಮ್ಯಾಪರ್‌ಗೆ ಬದಲಾಯಿಸಿ ಅಂತ ಒಂದು ಹಳೇ ಲೇಖನದಲ್ಲಿತ್ತು, ಮಾಡಲಾ?

ಉತ್ತರ:
ಬೇಡ. ಡಿವೈಸ್‌ಮ್ಯಾಪರ್ ಡ್ರೈವರನ್ನು ಡಾಕರ್ ಎಂಜಿನ್ 25ರಲ್ಲೇ ಕಿತ್ತು ಹಾಕಿದ್ದಾರೆ, ನಿಮ್ಮ ಆವೃತ್ತಿಯಲ್ಲಿ ಅದು ಇಲ್ಲವೇ ಇಲ್ಲ.

ಇಮೇಜ್ ಅಂದರೆ ಒಂದರ ಮೇಲೊಂದು ಕೂತ ಲೇಯರ್‌ಗಳು (ಪದರಗಳು). ವಿಎಫ್‌ಎಸ್‌ನಲ್ಲಿ ಪ್ರತಿ ಲೇಯರೂ ಕೆಳಗಿನದರ ಪೂರ್ತಿ ನಕಲು. ಹತ್ತು ಲೇಯರ್ ಇದ್ದರೆ ತಳದ ಫೈಲ್‌ಗಳು ಡಿಸ್ಕ್ ಮೇಲೆ ಹತ್ತು ಸಲ ಕೂತಿರುತ್ತವೆ. ಬೇರೆ ಯಾವುದೂ ಹೊಂದದಿದ್ದಾಗ ಡಾಕರ್ ಅಲ್ಲಿಗೆ ಇಳಿಯುತ್ತೆ. ಹಾಗಾಗಿ ಹುಡುಕಬೇಕಾದ್ದು, ಹೀಗೆ ಪೂರ್ತಿ ನಕಲು ಮಾಡದ ಓವರ್‌ಲೇ2 ಡ್ರೈವರ್ ಯಾಕೆ ಬರಲಿಲ್ಲ ಅಂತ. ನನ್ನ ಅನುಮಾನ ಎಫ್‌ಟೈಪ್ ಮೇಲೆ, ಎಕ್ಸ್‌ಎಫ್‌ಎಸ್‌ನ ಈ ಸೆಟ್ಟಿಂಗ್ 1 ಇದ್ದರೇನೇ ಓವರ್‌ಲೇ2 ಓಡೋದು. 'ಎಕ್ಸ್‌ಎಫ್‌ಎಸ್_ಇನ್ಫೋ' ಓಡಿಸಿ ನೋಡಿ.

ಕೇಳಿದವರು:
ಎಫ್‌ಟೈಪ್=0 ಅಂತಿದೆ. 1 ಮಾಡೋಕೆ ಕಮಾಂಡ್ ಇದೆಯಾ?

ಉತ್ತರ:
ಇಲ್ಲ, ಅದು ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನವಾಗಿಬಿಡುತ್ತೆ. ಬೇರೆ ಪಾರ್ಟಿಶನ್ ಇದ್ದರೆ ಅದನ್ನು ಇಎಕ್ಸ್‌ಟಿ4 ಅಥವಾ ಎಫ್‌ಟೈಪ್=1 ಇರುವ ಎಕ್ಸ್‌ಎಫ್‌ಎಸ್ ಮಾಡಿ (ಈಗಿನ ಟೂಲ್‌ಗಳಲ್ಲಿ ಅದೇ ಡಿಫಾಲ್ಟ್), ಡಾಕರ್ ನಿಲ್ಲಿಸಿ /ವಾರ್/ಲಿಬ್/ಡಾಕರ್ ಜಾಗಕ್ಕೆ ಮೌಂಟ್ ಮಾಡಿ. ಅದಕ್ಕೂ ಮುಂಚೆ ಬೇಕಾದ ಇಮೇಜ್‌ಗಳನ್ನು 'ಡಾಕರ್ ಸೇವ್' ಮಾಡಿಕೊಳ್ಳಿ, ಡ್ರೈವರ್ ಬದಲಾದ ಮೇಲೆ ಹಳೇವು ಕಣ್ಣಿಗೇ ಬೀಳಲ್ಲ. ವಾಲ್ಯೂಮ್‌ಗಳೂ (ಕಂಟೇನರ್ ಅಳಿಸಿದರೂ ಉಳಿಯುವ ಡೇಟಾ ಜಾಗ) ಅದೇ ಫೋಲ್ಡರ್ ಒಳಗಿರುತ್ತವೆ, ಅವನ್ನು ಬೇರೆಯಾಗಿ ಬ್ಯಾಕಪ್ ತಗೊಳ್ಳಿ.

ಇನ್ನೊಬ್ಬರು:
ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿದರೆ ಸ್ನ್ಯಾಪ್‌ಶಾಟ್ ಕೂಡ ಸಿಗುತ್ತಲ್ಲ?

ಉತ್ತರ:
ಸಿಗುತ್ತೆ. ಬಿಟಿಆರ್‌ಎಫ್‌ಎಸ್ ಆಗಲಿ ಜೆಡ್‌ಎಫ್‌ಎಸ್ ಆಗಲಿ, ಈಗಾಗಲೇ ನಡೆಸಿ ಪಳಗಿದವರು ಬಳಸಲಿ. ಬರೀ ಡಾಕರ್‌ಗೋಸ್ಕರ ಹೊಸದಾಗಿ ಕಲಿಯುವಷ್ಟು ಲಾಭ ನನಗಂತೂ ಕಾಣಲ್ಲ.

ಕೇಳಿದವರು:
ಇಎಕ್ಸ್‌ಟಿ4 ಹಾಕಿದೆ, ಓವರ್‌ಲೇ2 ಬಂತು, ಜಾಗವೂ ಸರಿಯಾಯ್ತು. ಆದರೆ ಒಂದು ಡೇಟಾಬೇಸ್ ಕಂಟೇನರ್, ಡೇಟಾ ಇಮೇಜ್ ಒಳಗೇ ಇದೆ, ಶುರುವಿನಲ್ಲಿ ಒಂದಷ್ಟು ಹೊತ್ತು ಒದ್ದಾಡುತ್ತೆ.

ಉತ್ತರ:
ಅದು ಸಹಜ. ಇಮೇಜ್ ಲೇಯರ್‌ನಲ್ಲಿರುವ ಫೈಲ್‌ನ ಒಂದು ಬೈಟ್ ತಿದ್ದಿದರೂ ಓವರ್‌ಲೇ2 ಮಾಮೂಲಾಗಿ ಇಡೀ ಫೈಲನ್ನು ಮೇಲಿನ ಲೇಯರ್‌ಗೆ ನಕಲು ಮಾಡುತ್ತೆ. ಆ ಫೈಲ್‌ಗೆ ಇದು ಒಂದೇ ಸಲ, ಮುಂದಿನ ಬರಹಕ್ಕೆ ಈ ತಡ ಇರಲ್ಲ. ಆದರೆ ಕಂಟೇನರ್ ಅಳಿಸಿ ಹೊಸದು ಮಾಡಿದಾಗೆಲ್ಲ ಮತ್ತೆ ಅದೇ ಕಥೆ, ಬರೆದ ಡೇಟಾ ಕೂಡ ಹಳೇ ಕಂಟೇನರ್ ಜೊತೆ ಹೋಗುತ್ತೆ. ಡೇಟಾ ಫೋಲ್ಡರನ್ನು ವಾಲ್ಯೂಮ್‌ಗೆ ಹಾಕಿ, ವಾಲ್ಯೂಮ್‌ಗೂ ಸ್ಟೋರೇಜ್ ಡ್ರೈವರ್‌ಗೂ ಸಂಬಂಧವಿಲ್ಲ.