ಸಿ ಭಾಷೆಯಲ್ಲಿ ಫಂಕ್ಷನ್ ಒಳಗೆ ಹೋದ ತಕ್ಷಣ 10 ಇದ್ದ ಅರೇ 2 ಆಗುವುದು ಯಾಕೆ?

ಕಬ್ಬಿನಗದ್ದೆ, ಮಂಡ್ಯ
ಬಿಸಿಎ ಮೊದಲ ವರ್ಷ. ಕೆಆರ್‌ಎಸ್‌ನ ಹತ್ತು ದಿನದ ಒಳಹರಿವನ್ನು ಕ್ಯೂಸೆಕ್ ಲೆಕ್ಕದಲ್ಲಿ ಇಂಟ್ ಅರೇಗೆ (ಪೂರ್ಣಾಂಕಗಳ ಸಾಲಿಗೆ) ತುಂಬಿ, ಸರಾಸರಿ ತೆಗೆಯುವ ಫಂಕ್ಷನ್‌ಗೆ ಕಳಿಸುತ್ತಿದ್ದೇನೆ. ಮೇನ್ ಒಳಗೆ ಅರೇಯ ಸೈಜ್‌ಆಫ್ (ಎಷ್ಟು ಬೈಟ್ ಅನ್ನುವುದು) ಅನ್ನು ಇಂಟ್‌ನ ಸೈಜ್‌ಆಫ್‌ನಿಂದ ಭಾಗಿಸಿದರೆ 10 ಬರುತ್ತದೆ. ಅದೇ ಸಾಲು ಫಂಕ್ಷನ್ ಒಳಗೆ ಹಾಕಿದರೆ 2! ಕಾಲೇಜ್ ಲ್ಯಾಬಿನ ಹಳೇ ಕಂಪೈಲರ್ ಟರ್ಬೊ ಸಿಯಲ್ಲಂತೂ 1.

ಇನ್ನೊಂದು. ಊರಿನ ಹೆಸರಿನ ಚಾರ್ ಪಾಯಿಂಟರ್ (ಅಕ್ಷರಗಳಿರುವ ಜಾಗದ ಅಡ್ರೆಸ್) ಕಳಿಸಿ, ಒಳಗೆ ಅದಕ್ಕೆ ಬೇರೆ ಹೆಸರು ಅಸೈನ್ ಮಾಡಿದೆ. ಹೊರಗೆ ಹಳೇ ಹೆಸರೇ ಪ್ರಿಂಟ್ ಆಗುತ್ತದೆ. ಅರೇ ಆದರೆ ಒಳಗೆ ಬದಲಾಯಿಸಿದ್ದು ಹೊರಗೂ ಕಾಣುತ್ತದಲ್ಲ, ಇದಕ್ಕೇನು ರೋಗ?

ಸೆಗ್‌ಫಾಲ್ಟ್ ಸಿದ್ದ, ಮೈಸೂರು
ಗುರು, ಅರೇ ಫಂಕ್ಷನ್‌ಗೆ ಹೋಗುವುದೇ ಇಲ್ಲ. ಹೋಗುವುದು ಅದರ ಮೊದಲ ಎಲಿಮೆಂಟ್‌ನ ಅಡ್ರೆಸ್ ಅಷ್ಟೇ. ಪ್ಯಾರಾಮೀಟರ್‌ನಲ್ಲಿ ಬ್ರಾಕೆಟ್ ಹಾಕಿ 10 ಅಂತ ಬರೆದರೂ ಕಂಪೈಲರ್ ಅದನ್ನು ಇಂಟ್ ಸ್ಟಾರ್, ಅಂದರೆ ಇಂಟ್‌ನ ಪಾಯಿಂಟರ್ ಅಂತಲೇ ಓದಿಕೊಳ್ಳುತ್ತದೆ. 64 ಬಿಟ್ ಮಷೀನಿನಲ್ಲಿ ಪಾಯಿಂಟರ್ 8 ಬೈಟ್, ಇಂಟ್ 4 ಬೈಟ್, ಭಾಗಿಸಿದರೆ 2. ಟರ್ಬೊ ಸಿ 16 ಬಿಟ್ ಕಾಲದ್ದು, ಸ್ಮಾಲ್ ಮೆಮೊರಿ ಮಾಡೆಲ್‌ನಲ್ಲಿ ಎರಡೂ 2 ಬೈಟ್, ಅದಕ್ಕೇ 1. ಜಿಸಿಸಿ ಕಂಪೈಲರ್ ಇದಕ್ಕೆ ವಾರ್ನಿಂಗ್ ಕೊಡುತ್ತದೆ, ಓದುವವರು ಯಾರು? ಉದ್ದವನ್ನು ಎರಡನೇ ಆರ್ಗ್ಯುಮೆಂಟ್ ಆಗಿ ಕಳಿಸು, ಮುಗೀತು.

ಎರಡನೇದಕ್ಕೂ ಕಾರಣ ಅದೇ. ಸಿಯಲ್ಲಿ ಯಾವಾಗಲೂ ಕಾಪಿಯೇ ಹೋಗುವುದು, ಪಾಯಿಂಟರ್ ಆದರೂ ಅಷ್ಟೇ. ಸರಸ್ವತಿಪುರಂನ ಮನೆ ವಿಳಾಸವನ್ನು ಚೀಟಿಯಲ್ಲಿ ಬರೆದು ಪೇಂಟರ್‌ಗೆ ಕೊಟ್ಟೆ ಅಂದುಕೋ. ಅವನು ಹೋಗಿ ಬಣ್ಣ ಹೊಡೆದರೆ ಮನೆ ಬದಲಾಗುತ್ತದೆ. ಚೀಟಿಯಲ್ಲಿ ವಿಳಾಸ ಹೊಡೆದುಹಾಕಿ ಕುವೆಂಪುನಗರ ಅಂತ ಗೀಚಿಕೊಂಡರೆ ನಿನ್ನ ಹತ್ತಿರ ಇರುವ ವಿಳಾಸಕ್ಕೆ ಏನೂ ಆಗಲ್ಲ. ಮೇನ್‌ನ ಪಾಯಿಂಟರ್ರೇ ಬದಲಾಗಬೇಕು ಅಂದರೆ ಆ ಪಾಯಿಂಟರಿನ ಅಡ್ರೆಸ್ ಕಳಿಸಬೇಕು, ಅಂದರೆ ಚಾರ್ ಸ್ಟಾರ್ ಸ್ಟಾರ್.

ಕಬ್ಬಿನಗದ್ದೆ
ಅಣ್ಣ, ಸರಿ, ಬಣ್ಣ ಹೊಡೆಯೋಣ ಅಂತ ಒಳಗೆ ಮೊದಲ ಅಕ್ಷರ ಬದಲಾಯಿಸಿದೆ. ಸೆಗ್ಮೆಂಟೇಷನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ಎರರ್) ಬಂತು! ಮತ್ತೆ ಫಂಕ್ಷನ್ ಒಳಗೂ ಸ್ಟ್ರಿಂಗಿನ ಉದ್ದ ಹೇಳುವ ಸ್ಟ್ರ್‌ಲೆನ್ ಸರಿಯಾಗಿ 6 ಕೊಡುತ್ತದೆ. ಅದಕ್ಕೆ ಉದ್ದ ಹೇಗೆ ಗೊತ್ತು?

ಲೈಬ್ರರಿ ಮೂಲೆ
ನೀವು ಚಾರ್ ಸ್ಟಾರ್‌ಗೆ ನೇರವಾಗಿ ಕೋಟ್ ಒಳಗಿನ ಹೆಸರು ಕೊಟ್ಟಿರಬೇಕು. ಅದು ಸ್ಟ್ರಿಂಗ್ ಲಿಟರಲ್, ತಿದ್ದುವ ಹಾಗಿಲ್ಲ. ಸಾಮಾನ್ಯವಾಗಿ ಅದನ್ನು ಓದಲು ಮಾತ್ರ ಬಿಡುವ ಜಾಗದಲ್ಲಿ ಇಟ್ಟಿರುತ್ತಾರೆ. ಟರ್ಬೊ ಸಿಯಲ್ಲಿ ಸುಮ್ನೆ ನಡೆದುಹೋಗಬಹುದು, ಹಾಗಂತ ಸರಿ ಅಂದುಕೊಳ್ಳಬೇಡಿ. ಪಾಯಿಂಟರ್ ಬದಲು ಚಾರ್ ಅರೇ ಮಾಡಿ ಅದೇ ಹೆಸರು ಕೊಡಿ, ಆಗ ಅದು ನಿಮ್ಮದೇ ಕಾಪಿ.

ಸ್ಟ್ರ್‌ಲೆನ್‌ಗೆ ಉದ್ದ ಗೊತ್ತಿಲ್ಲ. ಕೊನೆಯ ನಲ್ (ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ಸೊನ್ನೆ ಬೈಟ್) ಸಿಗುವ ತನಕ ಒಂದೊಂದೇ ಎಣಿಸುತ್ತದೆ. ಇಂಟ್ ಅರೇಗೆ ಅಂಥ ಗುರುತಿಲ್ಲ, ಅದಕ್ಕೇ ಉದ್ದ ಬೇರೆ ಕಳಿಸಬೇಕು. ಆದರೆ ಸ್ಟ್ರಿಂಗ್‌ಗೆ ಉದ್ದ ಬೇಡವೇ ಬೇಡ ಅಂತಲೂ ಅಲ್ಲ. ಓದುವುದಕ್ಕೆ ನಲ್ ಸಾಕು, ಬರೆಯುವುದಕ್ಕೆ ಜಾಗ ಎಷ್ಟಿದೆ ಅಂತ ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಮಂಡ್ಯ ನಲ್ ಸೇರಿ 7 ಬೈಟ್, ಅಲ್ಲಿಗೆ ಶ್ರೀರಂಗಪಟ್ಟಣ ತುರುಕಿದರೆ ಪಕ್ಕದ ಮೆಮೊರಿ ಹಾಳು. ಒಂದು ಸಾಲು ಓದಿಕೊಳ್ಳುವ ಗೆಟ್ಸ್ ಫಂಕ್ಷನ್ ಜಾಗ ಎಷ್ಟು ಅಂತ ಕೇಳುತ್ತಲೇ ಇರಲಿಲ್ಲ, 2011ರ ಸ್ಟ್ಯಾಂಡರ್ಡ್‌ನಲ್ಲಿ ಅದನ್ನು ತೆಗೆದೇ ಹಾಕಿದರು. ಎಫ್‌ಗೆಟ್ಸ್ ಬಳಸಿ.

ಸೆಗ್‌ಫಾಲ್ಟ್ ಸಿದ್ದ
ಇನ್ನೊಂದು ಮಾತು. ಟರ್ಬೊ ಸಿಯ ಇಂಟ್ 32767 ದಾಟಲ್ಲ. ಜೋರು ಮಳೆಗಾಲದಲ್ಲಿ ಕೆಆರ್‌ಎಸ್‌ನ ಒಂದೇ ದಿನದ ಒಳಹರಿವು ಅದಕ್ಕಿಂತ ಜಾಸ್ತಿ ಇರುತ್ತದೆ, ಹತ್ತು ದಿನದ ಮೊತ್ತ ಕೇಳಲೇಬೇಡ. ಅರೇ, ಮೊತ್ತ ಎರಡನ್ನೂ ಲಾಂಗ್ (ದೊಡ್ಡ ಪೂರ್ಣಾಂಕದ ಟೈಪ್) ಮಾಡು. ಇಲ್ಲದಿದ್ದರೆ ಅಣೆಕಟ್ಟೆಯಲ್ಲಿ ಮೈನಸ್ ನೀರು ಬರುತ್ತದೆ.

ಕಬ್ಬಿನಗದ್ದೆ
ಲಾಂಗ್ ಹಾಕಿದೆ, ಉದ್ದವನ್ನೂ ಕಳಿಸಿದೆ, ಸರಾಸರಿ ಸರಿ ಬಂತು. ಆಮೇಲೆ ಮನೆಯ ಲಿನಕ್ಸ್‌ನಲ್ಲಿ ಊರಿನ ಹೆಸರನ್ನು ಕನ್ನಡದಲ್ಲೇ ಕೊಟ್ಟು ನೋಡಿದೆ. ಮಂಡ್ಯಕ್ಕೆ ಸ್ಟ್ರ್‌ಲೆನ್ 15 ಅನ್ನುತ್ತದೆ!

ಲೈಬ್ರರಿ ಮೂಲೆ
ಸರಿಯಾಗೇ ಇದೆ. ಅದು ಎಣಿಸುವುದು ಬೈಟ್, ಅಕ್ಷರ ಅಲ್ಲ. ಮ, ಸೊನ್ನೆ, ಡ, ಹಲಂತ, ಯ, ಒಟ್ಟು ಐದು, ಕನ್ನಡವನ್ನೂ ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್. ನಲ್ ಸೇರಿ ಅರೇ 16 ಇರಲಿ. ಮೈಸೂರಿಗೆ 19 ಬೇಕು.